ಹುಣಸೆಮರದ ನೆರಳಿನ ಗಿರಾಕಿಗಳು

ಗುಂಡ್ಲುಪೇಟೆಯಲ್ಲಿ ಬೀದಿಬದಿ ವ್ಯಾಪಾರಿಗಳಿಗೆ ಜಾಗ ಗುರುತಿಸುವ ಕೆಲಸ ನನ್ನದು. ಕೇರಳಕ್ಕೆ ಹೋಗುವ ರಸ್ತೆ ಪಕ್ಕ ದೊಡ್ಡ ಹುಣಸೆಮರವಿದ್ದರೂ ಎಲ್ಲರೂ ಬಿಸಿಲಲ್ಲೇ ಕೂತಿದ್ದರು. ಸೀಬೆಹಣ್ಣು ಮಾರುವ ಮಾದೇವಮ್ಮನನ್ನು ಕಾರಣ ಕೇಳಿದೆ.

“ನಾನೂ ಒಂದಿನ ಅಲ್ಲಿ ಕೂತಿದ್ದೆ ಕಣಪ್ಪ. ಯಾಪಾರ ಚೆನ್ನಾಗೇ ಆಯ್ತು. ಆದ್ರೆ ಕಾರಲ್ಲಿ ಬಂದೋರೆಲ್ಲ ನನ್ ಎಸ್ರು ಇಡ್ದು ಮಾತಾಡ್ಸುದ್ರು. ಒಬ್ರೂ ಗುರುತಿನೋರಲ್ಲ. ಬುಟ್ಟಿ ಎತ್ಕೊಂಡು ಬಂದ್ಬುಟ್ಟೆ.”

ನಾನು ನಕ್ಕು, ಅಳತೆಯ ಟೇಪು ಹಿಡಿದು ಮರದಡಿಗೆ ಹೋದೆ. ಕಾರೊಂದು ನಿಧಾನವಾಗಿ ಬಂದು ನಿಂತಿತು. ಗಾಜು ಇಳಿಸಿದ ಹೆಂಗಸನ್ನು ನಾನು ಎಂದೂ ನೋಡಿರಲಿಲ್ಲ. ಮನೆಯವರು ಮಾತ್ರ ಕರೆಯುವ ನನ್ನ ಹೆಸರು ಹಿಡಿದು, “ಹಣ್ಣು ಇನ್ನೂ ತಂದಿಲ್ವಾ?” ಎಂದಳು.

ಕಾರು ಹೋದ ಮೇಲೆ ಬಿಸಿಲಿಗೆ ಬಂದು ಮಾದೇವಮ್ಮನ ಪಕ್ಕ ಕೂತೆ. ಅವಳು ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟಳು.

ಆ ಜಾಗ ವ್ಯಾಪಾರಕ್ಕೆ ಯೋಗ್ಯವಲ್ಲ, ಸಂಚಾರಕ್ಕೆ ಅಡಚಣೆ ಎಂದು ವರದಿ ಬರೆದೆ. ಆ ಕಾರಣವನ್ನು ನಮ್ಮ ಮೇಲಧಿಕಾರಿಗಳು ಯಾವತ್ತೂ ಪ್ರಶ್ನಿಸುವುದಿಲ್ಲ.