ಕುರುಗೋಡಿನಲ್ಲಿ ಕೇಳಿದ ರೆಸಿಸ್ಟರಿನ ಲೆಕ್ಕ

ಏಳು ಮನೆಯವರು ಬೇಡವೆಂದ ಮೇಲೆ, ಎಂಟನೆಯ ಹೆಣ್ಣು ನೋಡಲು ಸೋದರಮಾವನ ಜೊತೆ ಕುರುಗೋಡಿಗೆ ಹೊರಟಿದ್ದೆ. ನನಗಾಗಲೇ ಮೂವತ್ತೈದು. ಸಿರುಗುಪ್ಪದಲ್ಲಿ ರೇಡಿಯೋ, ಚಾರ್ಜರ್ ರಿಪೇರಿ ಅಂಗಡಿ. ಹುಡುಗಿ ಬಳ್ಳಾರಿಯ ಡಿಪ್ಲೊಮಾ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕಲಿಸುವವಳು. ಫೋಟೋ ನೋಡಿದ ದಿನವೇ ಮನಸ್ಸು ಸೋತಿತ್ತು. ಇವಳೊಬ್ಬಳು ಹೂಂ ಅಂದರೆ ಸಾಕಪ್ಪ ಎನ್ನುತ್ತ ಬಸ್ಸಿನಲ್ಲಿ ನಾಲ್ಕು ಸಲ ಕಾಲರ್ ಸರಿಮಾಡಿಕೊಂಡೆ.

"ಸುಮ್ನ ಕುಂದ್ರಲೇ, ಮೈಮ್ಯಾಲೆ ಇರಿವಿ ಬಿಟ್ಟಾರೇನು?" ಎಂದ ಮಾವ.

ಹುಡುಗಿಯ ಮನೆಯಲ್ಲಿ ಕುಳಿತ ಕೂಡಲೇ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂದವು. ಹಿಂದೆಯೇ ಅವಳು ಬಂದಳು. ಕೈಯಲ್ಲಿ ಚಹಾ ಅಲ್ಲ, ತಗಡಿನ ಡಬ್ಬಿ! ನೋಡಿದ ಕೂಡಲೇ ಗುರುತು ಹಿಡಿದೆ. ದೇಶನೂರಿನ ಒಬ್ಬ ಅಜ್ಜಿಯ ರೇಡಿಯೋಕ್ಕೆ ನಾನೇ ಮಾಡಿಕೊಟ್ಟ ಅಡಾಪ್ಟರ್ ಅದು.

"ನಮ್ಮ ಅಜ್ಜೀದು. ಒಂಬತ್ತು ವೋಲ್ಟ್ ಬರೋದು ಬಿಟ್ಟು ಹದಿನೈದು ಬಂದು ರೇಡಿಯೋ ಸುಟ್ಟೈತಿ. ಯಾಕಂತೀರಿ?"

"ಲೈನಿನಾಗ ಕರೆಂಟ್ ಹೆಚ್ಚುಕಮ್ಮಿ ಆಗಿರಬೇಕ್ರಿ," ಎಂದೆ. ದಿನಾ ಗಿರಾಕಿಗಳಿಗೆ ಹೇಳುವ ಸುಳ್ಳು, ಬಾಯಿಗೆ ತಾನಾಗಿಯೇ ಬಂತು.

ಅವಳು ಡಬ್ಬಿ ತಿರುವಿದಳು. ಬೆನ್ನಿಗೆ ನನ್ನ ಅಂಗಡಿಯ ಚೀಟಿ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಕಚ್ಚಿದ ಮಿರ್ಚಿಯನ್ನು ತಟ್ಟೆಗೆ ವಾಪಸ್ ಇಟ್ಟೆ.

ಮುಚ್ಚಳ ತೆಗೆದಳು. ವೋಲ್ಟೇಜನ್ನು ಹದ್ದಿನಲ್ಲಿಡುವ ಒಳಗಿನ ರೆಗ್ಯುಲೇಟರಿಗೆ ಎರಡು ರೆಸಿಸ್ಟರ್ ಬೇಕು. ಅವೆರಡರ ಲೆಕ್ಕದಂತೆ ವೋಲ್ಟೇಜ್ ಬರುತ್ತದೆ. ನಾವು ಮೆಕ್ಯಾನಿಕರು ಲೆಕ್ಕ ಮಾಡುವವರಲ್ಲ. ಎರಡನೆಯದರ ಜಾಗಕ್ಕೆ ಗುಜರಿ ರೇಡಿಯೋದ ವಾಲ್ಯೂಮ್ ತಿರುಗಣಿ ಹಾಕಿ, ಮೀಟರಿನಲ್ಲಿ ಒಂಬತ್ತು ಬರುವ ತನಕ ತಿರುಗಿಸಿ, ಅದು ಅಲುಗದಂತೆ ಮೇಲೊಂದು ಹನಿ ಮೇಣ ಬಿಡುತ್ತೇವೆ. ಒಳಗೆ ತಿರುಗಣಿ ಸವೆದು ಸಂಪರ್ಕ ತಪ್ಪಿದರೆ ಬಂದ ವೋಲ್ಟೇಜೆಲ್ಲ ಹೊರಗೆ ನುಗ್ಗುತ್ತದೆ. ಇದೂ ನನಗೆ ಗೊತ್ತಿತ್ತು.

"ಒಂದು ಇನ್ನೂರಾ ನಲವತ್ತು ಓಮಿಂದು ಐತಿ. ಇನ್ನೊಂದು ಎಷ್ಟರದು ಹಾಕಬೇಕಿತ್ರಿ?"

ಅಲ್ಲೇ ಬಿದ್ದಿದ್ದ ಪೇಪರಿನ ಅಂಚಿನಲ್ಲಿ ಗೀಚಿದೆ. ಒಂಬತ್ತನ್ನು ಆ ರೆಗ್ಯುಲೇಟರಿನ ಮೂಲ ವೋಲ್ಟೇಜಾದ ಒಂದೂಕಾಲಿನಿಂದ ಭಾಗಿಸಿ, ಒಂದು ಕಳೆದು, ಇನ್ನೂರ ನಲವತ್ತರಿಂದ ಗುಣಿಸಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಅಂದಾಜು ಸಾವಿರದೈನೂರು ಓಮ್!" ಪರೀಕ್ಷೆ ಪಾಸಾದೆನೆಂದು ಹಿಗ್ಗಿ ಮಾವನ ಕಡೆ ನೋಡಿದೆ. ಮಾವನೂ ಮೀಸೆ ತಿರುವಿದ.

ಅವಳು ನಗಲಿಲ್ಲ.

"ಹಂಗಾದ್ರ ಲೆಕ್ಕ ಬರ್ತೈತಿ ನಿಮಗ. ಮಂದಿ ಸಾಮಾನು ಅಂತ ಮಾಡೋ ಗೋಜಿಗೆ ಹೋಗಲಿಲ್ಲ."

ನಾಚಿಕೆಯಿಂದ ಕಿವಿ ಸುಟ್ಟವು. ಲೆಕ್ಕ ಬರುವುದಿಲ್ಲ ಎಂದಿದ್ದರೆ ಕಲಿಸುತ್ತಿದ್ದಳೇನೋ. ಬಾಗಿಲಿಗೆ ಬಂದು ಬೇಕಂತಲೇ ಸಾವಕಾಶವಾಗಿ ಚಪ್ಪಲಿ ಮೆಟ್ಟಿಕೊಂಡೆ. ಒಳಗಿನಿಂದ ಯಾರೂ ಕುಂದ್ರಿ ಅನ್ನಲಿಲ್ಲ.