ಹಳಿ ಇಲ್ಲದ ದಾರಿಯಲ್ಲಿ ಸೀಟಿ

ಅಪ್ಪ ತಾನು ಬದುಕಿರುವ ತನಕ ಇನ್ನು ಸೀಟಿಯನ್ನು ಬಾಯಿಗಿಡುವುದಿಲ್ಲ ಎಂದು ಹೇಳಿದವಳು ಅವನ ತಂಗಿ ಶಾಂತತ್ತೆ. ‘ಬೇಕಾದ್ರ ಹೆಬ್ಬೆಟ್ಟು ಒತ್ತಿ ಕೊಡ್ತೀನಿ’ ಅಂದಿದ್ದಳು. ಇದೇ ಶಾಂತತ್ತೆ ನಾನು ಎಂಜಿನಿಯರಿಂಗ್ ಮುಗಿಸುವುದಿಲ್ಲ ಅಂತಲೂ ಹೆಬ್ಬೆಟ್ಟು ಒತ್ತಲು ತಯಾರಾಗಿದ್ದವಳು. ನಾನು ಮುಗಿಸಿದೆ. ಹಾಗಾಗಿ ಅವಳ ಮಾತನ್ನು ಪೂರಾ ನಂಬಬೇಕಾಗಿಲ್ಲ. ಆದರೆ ಸೀಟಿಯ ಮಾತನ್ನು ಮಾತ್ರ ನಾನೂ ನಂಬಿದ್ದೆ.

ಇದೆಲ್ಲ ನೆನಪಾದದ್ದು ನಿನ್ನೆ, ಗರಿಯಾಹಾಟಿನ ಕೂಡುರಸ್ತೆಯಲ್ಲಿ. ಸೀರೆ ಅಂಗಡಿಯಿಂದ ಹೊರಗೆ ಬಂದು ನಿಂತಿದ್ದೆ. ಟ್ರಾಫಿಕ್ ಪೊಲೀಸ್ ಒಮ್ಮೆಲೇ ಸೀಟಿ ಊದಿದ. ಮರುಗಳಿಗೆಗೆ ನೋಡಿಕೊಂಡರೆ ಚೀಲ ನೆಲದ ಮೇಲೆ, ನಾನು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೇನೆ. ಪಕ್ಕದ ಕಡಲೆಕಾಯಿ ಮಾರುವವನು ‘ಕೀ ಹೋಲೋ ದೀದಿ?’ ಎಂದು ಕೇಳಿದ. ಏನಾಯಿತು ಅಂತ ಅವನಿಗೆ ಯಾವ ಬಂಗಾಳಿಯಲ್ಲಿ ಹೇಳಲಿ? ನಿಮಗಾದರೆ ಹೇಳಬಹುದು, ಪುರುಸೊತ್ತಿದ್ದರೆ.

ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹುಬ್ಬಳ್ಳಿ ಕಡೆಯ ಒಂದು ಸಣ್ಣ ಸ್ಟೇಷನ್ನು, ಹಳಿಗೆ ಮುಖ ಮಾಡಿದ ಕ್ವಾರ್ಟರ್ಸು. ಗ್ಯಾಂಗಿನವರೆಲ್ಲ ಬಗ್ಗಿ ಸುತ್ತಿಗೆ ಹೊಡೆಯುವಾಗ ಒಬ್ಬ ದೂರದಲ್ಲಿ ನಿಂತು ರೈಲು ಬರುವುದನ್ನು ಕಾಯುತ್ತಾನೆ. ಅವನ ಸೀಟಿ ಕೇಳಿತೋ, ಮಾತಿಲ್ಲ ಕಥೆಯಿಲ್ಲ, ಕೈಯಲ್ಲಿದ್ದದ್ದನ್ನು ಬಿಟ್ಟು ಹಳಿಯಿಂದ ಆಚೆ ಬರಬೇಕು. ಈ ಕಾನೂನು ನಮ್ಮ ಮನೆಗಳಿಗೂ ಇತ್ತು. ನಮ್ಮ ಸಾಲಿನಲ್ಲಿ ಯಾವ ಮಗುವೂ ಆಟಕ್ಕೆಂದು ಸೀಟಿ ಊದುವಂತಿರಲಿಲ್ಲ. ನಾನೊಮ್ಮೆ ಸಂತೆಯಿಂದ ತಂದ ಪೀಪಿಯನ್ನು ಅವ್ವ ಒಲೆಗೆ ಹಾಕಿದಳು. ಅದು ಬಣ್ಣಬಣ್ಣದ ಹೊಗೆ ಬಿಟ್ಟು ಕರಗಿತು. ಆವತ್ತು ನಾನು ಉಣ್ಣಲಿಲ್ಲ. ಅವ್ವ ಉಣ್ಣು ಅಂತ ಹೇಳಲೂ ಇಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಹುಸೇನಪ್ಪ ಕಾಕಾ ಸತ್ತ. ಅಪ್ಪನ ಜೀವದ ಗೆಳೆಯ. ಆ ದಿನ ಕಾಯಲು ನಿಂತವನು ಅಪ್ಪ. ಹೊತ್ತಿಗೆ ಸರಿಯಾಗಿಯೇ ಊದಿದ್ದ, ಎಲ್ಲರೂ ಹಳಿ ಬಿಟ್ಟು ಇಳಿದಿದ್ದರು, ಕಾಕಾ ಕೂಡ. ಇಳಿದವನು, ಹಳಿಯ ಮೇಲೆ ಉಳಿದಿದ್ದ ಹಾರೆಯನ್ನು ತರಲು ತಿರುಗಿ ಹತ್ತಿದ. ಅಪ್ಪ ಮತ್ತೆ ಊದಿದ. ಊದುತ್ತಲೇ ಇದ್ದ.

ವಿಚಾರಣೆಯಲ್ಲಿ ಅಪ್ಪನ ತಪ್ಪಿಲ್ಲ ಅಂತ ಬರೆದರು. ಅಪ್ಪ ಸೀಟಿಯನ್ನು ಮೇಸ್ತ್ರಿಯ ಮುಂದಿಟ್ಟು, ‘ಊದಿದ್ರ ಏನಾತು?’ ಎಂದು ಕೇಳಿ ಎದ್ದು ಬಂದ. ಆಮೇಲೆ ನಿವೃತ್ತಿಯಾಗುವ ತನಕ ಸುತ್ತಿಗೆಯನ್ನೇ ಹಿಡಿದ. ನಮ್ಮ ಮನೆಗೆ ಕುಕ್ಕರ್ ಬರಲೇ ಇಲ್ಲ, ಅದೂ ಸೀಟಿ ಹೊಡೆಯುತ್ತದಲ್ಲ. ನನ್ನ ಡಿಗ್ರಿ ನಿಂತಿರುವುದು ಆ ಸುತ್ತಿಗೆಯ ಮೇಲೆ. ಬಾಲಿಗಂಜಿನ ನಮ್ಮ ಫ್ಲ್ಯಾಟಿನಲ್ಲಿ ಡಿಗ್ರಿ ಸರ್ಟಿಫಿಕೇಟಿಗೆ ಗಾಜಿನ ಕಟ್ಟು ಹಾಕಿಸಿ ಬಾಗಿಲಿಗೆ ಎದುರಾಗಿ ತೂಗುಹಾಕಿದ್ದೇನೆ. ಗ್ಯಾಸ್ ಸಿಲಿಂಡರ್ ತರುವವನೂ ಅದನ್ನು ನೋಡದೆ ಒಳಗೆ ಬರುವ ಹಾಗಿಲ್ಲ. ನಮ್ಮ ಮನೆತನದಲ್ಲಿ ಅಂಥದ್ದು ಅದೇ ಮೊದಲು. ಅಡಗಿಸಿಡಲು ನಾನೇನು ಕದ್ದು ತಂದಿದ್ದೇನೆಯೇ?

ಕೆಲವು ವರ್ಷಗಳ ಹಿಂದಿನ ಮಾತು, ನಾನು ಕೆಲಸ ಮಾಡುವ ಸಾಲ್ಟ್ ಲೇಕಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ನಾಯಿಕೊಡೆಯ ಹಾಗೆ ಏಳುತ್ತಿದ್ದ ಕಾಲ ಅದು. ಪ್ರತಿ ಸೋಮವಾರ ಹೊಸ ಮುಖಗಳು, ಪ್ರತಿ ತಿಂಗಳು ಎಚ್ಆರ್‌ನವರ ಹೊಸ ಹುಚ್ಚು. ಒಂದು ಚಳಿಗಾಲ ಅವರು, ಮನೆಮಂದಿಯನ್ನೆಲ್ಲ ಕರೆತನ್ನಿ, ಭಾನುವಾರ ಊರಾಚೆ ನಡೆಯೋಣ, ಸೈಕಲ್ ಇದ್ದವರು ಸೈಕಲ್ ತನ್ನಿ ಎಂದರು. ಹಿಂದೆ ಸಣ್ಣ ರೈಲು ಓಡುತ್ತಿದ್ದ ದಾರಿಯಂತೆ. ಹಳಿ ಕಿತ್ತು ಎಷ್ಟೋ ಕಾಲವಾಗಿದೆ, ಏರಿಲ್ಲ ಇಳಿವಿಲ್ಲ, ಮಕ್ಕಳು ಮುದುಕರು ಎಲ್ಲರಿಗೂ ಸಲೀಸು. ಈ ತುದಿಯಿಂದ ಆ ತುದಿ ಮುಟ್ಟಿದವರಿಗೆ ಸರ್ಟಿಫಿಕೇಟು.

ನನ್ನವರು ಆ ವಾರ ಬೆಂಗಳೂರಿನ ಆಫೀಸಿಗೆ ಹೋಗಿದ್ದರು. ಅಪ್ಪ ಊರಿನಿಂದ ಬಂದಿದ್ದ. ರೈಲಿನ ದಾರಿ ಎಂಬುದನ್ನು ನಾನು ಅವನಿಗೆ ಹೇಳಿರಲಿಲ್ಲ. ನನ್ನ ಮಗಳು ಮಿನು ಹೇಳಿಬಿಟ್ಟಳು. ಅಪ್ಪ ಚಹಾದ ಲೋಟ ಕೆಳಗಿಟ್ಟು, ‘ಹಳಿ ಕಿತ್ತಾರ ಅಂದ್ರ ರೈಲು ಬರಂಗಿಲ್ಲ ಅಂತ ಯಾರು ಹೇಳ್ಯಾರ?’ ಎಂದ. ನಾನು ನಕ್ಕೆ. ಅವನು ನಗಲಿಲ್ಲ.

ಅಲ್ಲಿ ಮಕ್ಕಳಿಗೆಲ್ಲ ಒಂದೊಂದು ಚೀಲ ಕೊಟ್ಟರು. ಟೋಪಿ, ಬಾಳೆಹಣ್ಣು, ನೀರಿನ ಬಾಟಲಿ. ತಳದಲ್ಲಿ, ಕೆಂಪು ದಾರಕ್ಕೆ ಕಟ್ಟಿದ ಸೀಟಿ. ಮಿನು ಅದನ್ನು ಕೊರಳಿಗೆ ಹಾಕಿಕೊಳ್ಳುವಷ್ಟರಲ್ಲಿ ಅಪ್ಪ ಕೈ ಚಾಚಿದ. ‘ಇಲ್ಲಿ ಕೊಡ ಕೂಸ.’ ಯಾವ ದನಿಯಲ್ಲಿ ಅಂದನೋ, ಹಟಮಾರಿ ಹುಡುಗಿ ಸುಮ್ಮನೆ ಕೊಟ್ಟಳು. ಅಪ್ಪ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಯಾವುದಾದರೂ ಕೊಳಕ್ಕೆ ಎಸೆಯುತ್ತಾನೆ ಅಂದುಕೊಂಡೆ.

ಮಂಜು ಇನ್ನೂ ಪೂರ್ತಿ ಸರಿದಿರಲಿಲ್ಲ. ಎರಡೂ ಬದಿಗೆ ಬಾಳೆ, ಪಾಚಿಗಟ್ಟಿದ ಕೊಳಗಳು. ಮಂಕಿ ಟೋಪಿ ಹಾಕಿಕೊಂಡ ಸಹೋದ್ಯೋಗಿಗಳು ಹಾಡುತ್ತಾ ಮುಂದೆ ಹೋದರು. ನಾವಿಬ್ಬರು ಹಾಡುವವರ ಪೈಕಿ ಅಲ್ಲ. ಅಪ್ಪ ದಾರಿಯ ನಡುವೆ ಕಾಲಿಡದೆ ಅಂಚಿನ ಹುಲ್ಲು ತುಳಿಯುತ್ತ ನಡೆದ. ನಾಲ್ಕು ಹೆಜ್ಜೆಗೊಮ್ಮೆ ಹಿಂದೆ ನೋಡುತ್ತಿದ್ದ. ನೋಡಬಾರದು ಅಂದುಕೊಂಡೇ ನಾನೂ ನೋಡುತ್ತಿದ್ದೆ. ಬಿ.ಇ. ಓದಿದವಳು, ಇಲ್ಲದ ರೈಲಿಗೆ ಹೆದರುತ್ತಿದ್ದೇನೆ! ಸಾಲದ್ದಕ್ಕೆ ಮಿನುವನ್ನು ನಿಲ್ಲಿಸಿ, ‘ಸೀಟಿ ಕೇಳಿದ್ರ ಏನು ಮಾಡಬೇಕು? ಕೈಯಾಗಿಂದು ಬಿಟ್ಟು ಬದಿಗೆ ಬರಬೇಕು. ಹಿಂದ ತಿರುಗಬಾರದು’ ಎಂದು ಪಾಠ ಹೇಳಿದೆ.

‘ಅಮ್ಮಾ, ಟ್ರೇನ್ ತೋ ನೇಯಿ! ರೈಲೇ ಇಲ್ಲ!’

‘ಇಲ್ಲ. ಆದ್ರೂ ಹೇಳು.’

‘ಬಿಟ್ಟು ಬರಬೇಕು, ಬಿಟ್ಟು ಬರಬೇಕು’ ಎಂದು ರಾಗವಾಗಿ ಹೇಳುತ್ತ ಅವಳು ಸೈಕಲ್ ತುಳಿದು ಮುಂದೆ ಹೋದಳು. ಹುಟ್ಟುಹಬ್ಬಕ್ಕೆ ಕೊಡಿಸಿದ ಕೆಂಪು ಸೈಕಲ್. ರಾತ್ರಿ ಮಂಚದ ಪಕ್ಕದಲ್ಲೇ ಅದು ನಿಲ್ಲಬೇಕು.

ದಾರಿಯ ಕೊನೆಕೊನೆಗೆ ಕಾಲುವೆಯ ಮೇಲೊಂದು ಸೇತುವೆ ಬಂತು. ಏರಿಲ್ಲ ಅಂದಿದ್ದರು, ಇಲ್ಲಿ ಮಾತ್ರ ದಾರಿ ಏರಿ ಇಳಿಯುತ್ತಿತ್ತು. ನಮ್ಮ ಕಡೆಯ ಇಳಿಜಾರಿನ ಬುಡದಲ್ಲಿ ಮಿನು ಸೈಕಲ್ಲನ್ನು ಅಡ್ಡ ಮಲಗಿಸಿ, ಕಳಚಿದ ಚೈನನ್ನು ಕೂರಿಸುತ್ತ ಬಗ್ಗಿದ್ದಳು. ನಾವು ಒಂದು ಕೂಗಿನಷ್ಟು ಹಿಂದೆ ಇದ್ದೆವು. ಸೇತುವೆಯ ನೆತ್ತಿಯ ಮಂಜಿನಿಂದ ಬಿದಿರು ಹೇರಿದ ಸೈಕಲ್ ವ್ಯಾನೊಂದು, ಹಲಗೆ ಕೂರಿಸಿದ ಮೂರು ಚಕ್ರದ ಗಾಡಿ, ಹೊರಬಂತು. ಬೊಂಬುಗಳ ತುದಿಗಳು ಮುಂದಕ್ಕೆ ಈಟಿಗಳ ಹಾಗೆ ಚಾಚಿದ್ದವು. ತುಳಿಯುವವನು ಎದ್ದು ನಿಂತು ಬ್ರೇಕಿಗೆ ಜೋತುಬಿದ್ದಿದ್ದ. ಬ್ರೇಕು ಹಿಡಿಯುತ್ತಿರಲಿಲ್ಲ. ‘ಶೋರೋ! ಶೋರೋ!’ ಸರಿಯಿರಿ ಅಂತ ಅರಚುತ್ತಿದ್ದ.

ಮಿನು ತಲೆ ಎತ್ತಿ ನೋಡಿದಳು. ನೋಡಿ, ಎರಡೂ ಕೈಯಿಂದ ಸೈಕಲ್ಲನ್ನು ಎತ್ತಲು ಹೊರಟಳು.

ನನ್ನ ಬಾಯಿಂದ ದನಿ ಬರಲಿಲ್ಲ. ಬಾಯಿ ತೆರೆದಿತ್ತು, ಅಷ್ಟೇ. ಹುಸೇನಪ್ಪ ಕಾಕಾ ಸತ್ತದ್ದನ್ನು ನಾನು ಕಣ್ಣಾರೆ ಕಂಡವಳಲ್ಲ. ಈಗ ಕಂಡೆ.

ಆಗ ನನ್ನ ಕಿವಿಯ ಪಕ್ಕದಲ್ಲೇ ಸೀಟಿ ಗಾಳಿಯನ್ನು ಸೀಳಿತು. ಆಟದ ಸೀಟಿ, ಪ್ಲಾಸ್ಟಿಕ್ಕಿನದು, ಆದರೆ ಊದಿದ ಎದೆ ಗ್ಯಾಂಗಿನದು. ನಾನು ಆಚೆಯ ಹುಲ್ಲಿಗೆ ಹಾರಿದ್ದೆ, ನನಗೇ ಗೊತ್ತಿಲ್ಲದೆ. ತಿರುಗಿ ನೋಡಿದರೆ ಮಿನುವಿನ ಎರಡೂ ಕೈ ಖಾಲಿ. ಸೈಕಲ್ ಬಿಟ್ಟು, ತಲೆ ತಗ್ಗಿಸಿ, ಬಾಳೆಗಿಡಗಳ ಕಡೆಗೆ ಓಡುತ್ತಿದ್ದಾಳೆ. ವ್ಯಾನು ಕೆಂಪು ಸೈಕಲ್ಲಿನ ಮೇಲೆ ಹತ್ತಿ, ಅದನ್ನು ಸ್ವಲ್ಪ ದೂರ ಎಳೆದುಕೊಂಡು ಹೋಗಿ ವಾಲಿ ನಿಂತಿತು. ಅಪ್ಪ ಇನ್ನೂ ಊದುತ್ತಲೇ ಇದ್ದ. ನಾನು ಹೋಗಿ ಅವನ ಕೈ ಹಿಡಿದು ಕೆಳಗಿಳಿಸಬೇಕಾಯಿತು.

ವ್ಯಾನಿನವನು ಬಿದಿರಿಗಿಂತ ಹೆಚ್ಚು ನಡುಗುತ್ತಿದ್ದ, ಅವನಿಗೆ ನೀರು ಕುಡಿಸಿದೆವು. ಮಿನು ತಿರುಚಿದ ಚಕ್ರ ನೋಡಿ ಈಗ ಜೋರಾಗಿ ಅಳಲು ಶುರುಮಾಡಿದಳು. ಅಷ್ಟು ಇಂಪಾದ ಅಳುವನ್ನು ನಾನು ಇನ್ನೊಂದು ಸಲ ಕೇಳಿಲ್ಲ.

ಹೆದರಿಕೆಯನ್ನು ಮಗಳಿಗೆ ದಾಟಿಸಬಾರದು ಎಂದು ಅಂದಿನ ತನಕ ದೊಡ್ಡ ಮಾತಾಡುತ್ತಿದ್ದೆ. ಈಗ ಆಡುವುದಿಲ್ಲ. ನಿನ್ನೆ ಗರಿಯಾಹಾಟಿನಲ್ಲಿ ಚೀಲ ಎತ್ತಿಕೊಂಡಾಗ ನಾಚಿಕೆಯಾಗಲಿಲ್ಲ. ಕಡಲೆಕಾಯಿಯವನಿಗೆ ‘ಕಿಛು ನಾ’, ಏನಿಲ್ಲ ಅಂದು, ಒಂದು ಪೊಟ್ಟಣ ಕೊಂಡು, ರಸ್ತೆ ದಾಟಿ ಮನೆಗೆ ಬಂದೆ. ಬಾಗಿಲಿಗೆ ಎದುರಾಗಿ ಈಗ ಎರಡು ಕಟ್ಟುಗಳಿವೆ.

ಎರಡನೆಯದು ಆವತ್ತಿನದು. ದಾರಿಯ ಆ ತುದಿಯಲ್ಲಿ ಶಾಮಿಯಾನ ಹಾಕಿದ್ದರು. ಮುರಿದ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ಬಂದ ಅಪ್ಪನನ್ನು ಕಂಡು ಎಚ್ಆರ್ ಹುಡುಗಿ ಎದ್ದು ನಿಂತಳು. ‘ಆಶುನ್, ಮೇಶೋಮೋಶಾಯ್’, ಬನ್ನಿ ಹಿರಿಯರೇ ಎಂದು ಬರಮಾಡಿಕೊಂಡು, ಅವನ ಹೆಸರು ಬರೆದ ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಕೊಟ್ಟಳು. ಅಪ್ಪ ಕೈಯನ್ನು ಧೋತರಕ್ಕೆ ಒರೆಸಿಕೊಂಡು ತೆಗೆದುಕೊಂಡ. ಏನು ಬರೆದಿದೆ ಅಂತ ಕೇಳಲಿಲ್ಲ. ‘ಶಾಂತಾಗ ಫೋನ್ ಹಚ್ಚವ್ವಾ’ ಎಂದ.

ಹಚ್ಚಿ ಕೊಟ್ಟೆ. ಆ ಕಡೆ ಅತ್ತೆ ಏನೇನೋ ಕೂಗುತ್ತಿದ್ದಳು. ಅಪ್ಪ ಸರ್ಟಿಫಿಕೇಟನ್ನು ಕಂಕುಳಲ್ಲಿ ಇಟ್ಟುಕೊಂಡು ಮೊಬೈಲನ್ನು ಕಿವಿಗೆ ಹಿಡಿದ. ಆಮೇಲೆ ಹೇಳಿದ:

‘ಊದಿದ್ನಿ, ಶಾಂತಾ. ಬಿಟ್ಟು ಬಂತು, ಕೂಸು.’