ತೊಳೆದುಹೋದ ಹೆಸರುಗಳು

ಮೊನ್ನೆ ಕಾಶಿಯ ಗೋದೌಲಿಯಾ ಪೇಟೆಯಲ್ಲಿ ಹೂಬತ್ತಿ ಕೊಳ್ಳಲು ನಿಂತಿದ್ದೆ. ಪಕ್ಕದ ಅಂಗಡಿಯ ಬಾಗಿಲಿಗೆ ಶಾಲೆಯ ಚೀಲಗಳನ್ನು ತೂಗುಹಾಕಿದ್ದರು. ಒಂದರ ಮೇಲೆ ಅಂಗೈಯಗಲದ ದುಂಡನೆಯ ಬಟ್ಟೆಬಿಲ್ಲೆ ಹೊಲಿದಿತ್ತು. ನೀಲಿ ದಾರದ ಆಕಾಶ, ನಡುವೆ ಬಿಳಿ ರಾಕೆಟ್. ಅಂಗಡಿಯವನು ಬೇಕೇ ಎಂದು ಕೇಳಿದ. ಬೇಡವೆಂದು ಹೊರಟುಬಿಟ್ಟೆ. ಮನೆ ಮುಟ್ಟುವವರೆಗೂ ಮೇಲಿನ ಮನೆಯಲ್ಲಿದ್ದ ಮಾಸ್ತರು ನನ್ನ ಮುಂದೆಯೇ ನಡೆಯುತ್ತಿದ್ದ ಹಾಗಿತ್ತು…

ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ನಾವು ಕೆಳಗಿನ ಮನೆಯವರು, ಅವರು ಮೇಲಿನವರು. ಧಾರವಾಡದ ಕಡೆಯ ಗಂಡಹೆಂಡತಿ, ಮಕ್ಕಳಿರಲಿಲ್ಲ. ಮಾಸ್ತರು ಇಲ್ಲಿಯ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದರು. ಪಿಂಚಣಿ ಇರಲಿಲ್ಲ. ನಮ್ಮ ಯಜಮಾನರು ಮಠದ ಕಚೇರಿಗೆ ಹೋದ ಮೇಲೆ ಕನ್ನಡ ಮಾತಾಡಲು ನನಗಿದ್ದದ್ದು ಮೇಲಿನ ಮನೆಯೊಂದೇ. ಮಾಸ್ತರ ಹೆಂಡತಿಯನ್ನು ನಾನು, ಅತ್ತಿಗೆಯನ್ನು ಅವರ ಕಡೆ ಕರೆಯುವ ಹಾಗೆ, ವೈನಿ ಎನ್ನುತ್ತಿದ್ದೆ. ಅಂಥ ನೆರೆ ಕೊಟ್ಟದ್ದಕ್ಕೆ ದಿನಾ ಲಿಂಗಪೂಜೆಯ ಹೊತ್ತಿಗೆ ಶಿವನನ್ನು ನೆನೆಯುತ್ತಿದ್ದೆ.

ಮಾಸ್ತರಿಗೆ ಒಂದು ಹುಚ್ಚಿತ್ತು. ಬಾಹ್ಯಾಕಾಶಕ್ಕೆ ಹೋಗುವವರು ಪ್ರತಿ ಯಾನಕ್ಕೂ ಬೇರೆಯದೇ ಒಂದು ಬಟ್ಟೆಬಿಲ್ಲೆ ಮಾಡಿಸಿ ಅಂಗಿಯ ಮೇಲೆ ಹೊಲಿಸಿಕೊಳ್ಳುತ್ತಾರಂತೆ. ಹೋಗಿಬಂದವರ ಸಹಿ ಇರುವ ಅಂಥ ಬಿಲ್ಲೆಗಳನ್ನು ಮಾಸ್ತರು ಹುಡುಗರಾಗಿದ್ದಾಗಿನಿಂದ ದೇಶದೇಶಗಳಿಗೆ ಕಾಗದ ಬರೆದು ತರಿಸಿಕೊಂಡಿದ್ದರು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನನಗೂ ತೋರಿಸುತ್ತಿದ್ದರು. ಯಂತ್ರ ಹಾಕಿದ ಸಹಿಯಾದರೆ ಮಸಿ ಎಲ್ಲ ಕಡೆ ಒಂದೇ ದಪ್ಪ, ಮನುಷ್ಯರ ಕೈಯದಾದರೆ ತಿರುವಿನಲ್ಲಿ ತುಸು ತಡೆದು ಮುಂದೆ ಹೋಗುತ್ತದೆ ಎನ್ನುತ್ತಿದ್ದರು. ನನಗೆ ಅಷ್ಟೇನೂ ಕಾಣುತ್ತಿರಲಿಲ್ಲ. ಹೂಂ ಎನ್ನುತ್ತಿದ್ದೆ.

ವೈನಿ ಒಳ್ಳೆಯ ಕಸೂತಿ ಹಾಕುತ್ತಿದ್ದರು. ಅವರ ಲೆಕ್ಕದಲ್ಲಿ ಈ ಬಿಲ್ಲೆಗಳೂ ಕಸೂತಿಯ ತುಂಡುಗಳೇ. ತಿರುವಿ ಹಿಂಬದಿ ನೋಡಿ ಮೂಗು ಮುರಿಯುತ್ತಿದ್ದರು.

"ಹಿಂದ ನೋಡು, ಬರೇ ಗಂಟು. ಕಸೂತಿ ಕಲಿಸಿದ ನಮ್ಮ ಸ್ವಾದರತ್ತಿ ಕಂಡಿದ್ರ ಬಿಚ್ಚಿಸಿ ಮತ್ತ ಹಾಕಸ್ತಿದ್ರು. ಇದಕ್ಕ ಕಿಮ್ಮತ್ತಂತ."

"ಕಿಮ್ಮತ್ತು ದಾರಕ್ಕಲ್ಲ, ಹೆಸರಿಗೆ," ಎಂದು ಮಾಸ್ತರು ನಗುತ್ತಿದ್ದರು.

ಎಲ್ಲದರಲ್ಲಿ ಒಂದು ಬಿಲ್ಲೆ ಮಾತ್ರ ಬೆಲೆಯಲ್ಲಿ ದೊಡ್ಡದು. ಹಿಂದೊಮ್ಮೆ ಪಕ್ಕದ ಲಾಡ್ಜಿನಲ್ಲಿ ಜ್ವರ ಬಂದು ಮಲಗಿದ್ದ ಪರದೇಶದ ಮುದುಕರೊಬ್ಬರಿಗೆ ವೈನಿ ಗಂಜಿ ಕಾಯಿಸಿ ಕಳಿಸಿದ್ದರು. ಅವರು ಮಾಸ್ತರ ಹುಚ್ಚನ್ನು ಕಂಡು, ಊರಿಗೆ ಹೋಗಿ ತಮ್ಮಲ್ಲಿದ್ದ ಈ ಬಿಲ್ಲೆಯನ್ನು ಕಳಿಸಿಕೊಟ್ಟರು. ಹೊರಡುವ ಮುಂಚೆ ಅದರ ಮೇಲೆ ಸಹಿ ಹಾಕಿದವರೆಲ್ಲ ಒಂದೇ ಯಾನದಲ್ಲಿ ಹೋದವರು, ಒಬ್ಬರೂ ಜೀವಸಹಿತ ಮರಳಲಿಲ್ಲ. ಅಂಥ ಸಹಿ ಮತ್ತೆ ಹುಟ್ಟುವುದಿಲ್ಲವಲ್ಲ, ಅದಕ್ಕೇ ಅದರ ಬೆಲೆ ಏರುತ್ತಲೇ ಇತ್ತಂತೆ. ಮಾಸ್ತರು ಇದನ್ನು ಹೇಳಿದ ದಿನ ನನಗೆ ಮೈ ಜುಮ್ಮೆಂದಿತ್ತು. ಹೆಣ ಹೊತ್ತವರ ದನಿ ದಿನವಿಡೀ ಕೇಳುವ ಊರಿನಲ್ಲಿದ್ದೂ, ಸತ್ತವರ ಕೈ ಮುಟ್ಟಿದ್ದನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವುದು ಯಾಕೋ ಸರಿಯೆನಿಸಿರಲಿಲ್ಲ. ಆಮೇಲೆ ವೈನಿಯೂ ಆ ಬಿಲ್ಲೆಯನ್ನು ತಿರುವಿ ನೋಡಲಿಲ್ಲ.

ಮರುವರ್ಷ ವೈನಿಗೆ ಉಸಿರು ಕಟ್ಟತೊಡಗಿತು. ಹೃದಯದ ಕವಾಟ ಕೆಟ್ಟಿದೆ, ಬದಲಿಸಬೇಕು, ತಡಮಾಡಬಾರದು ಎಂದರು ಡಾಕ್ಟರರು. ಮಾಸ್ತರು ಯಾರ ಮುಂದೆಯೂ ಕೈ ಒಡ್ಡಲಿಲ್ಲ. ದೊಡ್ಡ ಬಿಲ್ಲೆಯನ್ನು ಮಾರುವುದೆಂದು ನಿಶ್ಚಯಿಸಿದರು. ಇಂಥವಕ್ಕೆ ಬೆಲೆ ಕಟ್ಟಿ ಕೊಳ್ಳುವವರೊಬ್ಬರು ದಿಲ್ಲಿಯಲ್ಲಿದ್ದರು. ಮೊಬೈಲಿನಲ್ಲಿ ಫೋಟೊ ನೋಡಿ, ಸಹಿ ಅಸಲಿಯಾದರೆ ಆಪರೇಷನ್ನಿಗೆ ಸಾಲುವಷ್ಟು ಕೊಟ್ಟೇ ಹೋಗುತ್ತೇನೆ, ಖುದ್ದಾಗಿ ಬರುತ್ತೇನೆ ಎಂದರಂತೆ. ಆ ದಿನ ಮಾಸ್ತರು ಕೆಳಗಿಳಿದು ಬಂದು ನನ್ನ ಕೈಯಿಂದ ಸಕ್ಕರೆ ಬೇಡಿ ಬಾಯಿಗೆ ಹಾಕಿಕೊಂಡರು.

ಅಷ್ಟರಲ್ಲಿ ಊರಕಡೆ ಅವರ ದಾಯಾದಿಯೊಬ್ಬರು ತೀರಿದ ಸುದ್ದಿ ಬಂತು. ನಾವು ಲಿಂಗ ಕಟ್ಟಿಕೊಂಡವರು, ನಮ್ಮಲ್ಲಿ ಸೂತಕವಿಲ್ಲ. ಅವರಲ್ಲಿ ಅದು ಕಟ್ಟುನಿಟ್ಟು. ಸೂತಕ ಕಳೆಯುವ ದಿನ ಮಾಸ್ತರು ಸ್ನಾನಕ್ಕೆಂದು ಘಾಟಿಗೆ ಹೋದರು. ಮನೆಯಲ್ಲಿ, ಆರೈಕೆಗೆ ಬಂದಿದ್ದ ವೈನಿಯ ಅಕ್ಕ ಹಾಸಿಗೆ, ಹೊದಿಕೆ, ಪರದೆ ಎಲ್ಲವನ್ನೂ ನೀರಿಗೆ ಹಾಕುತ್ತಿದ್ದರು. ಮಲಗಿದ್ದಲ್ಲಿಂದಲೇ ವೈನಿ ಒಂದೊಂದನ್ನೂ ನೆನಪು ಮಾಡಿಕೊಡುತ್ತಿದ್ದರು. ಕೊನೆಗೆ ಬಿಲ್ಲೆಗಳ ಪೆಟ್ಟಿಗೆಯೂ ನೆನಪಾಯಿತು. ಸತ್ತವರು ಮುಟ್ಟಿದ ಬಟ್ಟೆ, ಸೂತಕದ ದಿನಗಳಲ್ಲೇ ದಿಲ್ಲಿಗೆ ಇನ್ನೊಂದು ಫೋಟೊ ಕಳಿಸಲು ಮಾಸ್ತರು ಅದನ್ನು ಮುಟ್ಟಿದ್ದು ಬೇರೆ. ಮೈಲಿಗೆ ವಸ್ತು ಮಾರಿ ಬಂದದ್ದು ಮೈಗೆ ಹತ್ತುವುದಿಲ್ಲ ಎಂದು ವೈನಿಗೆ ಹೆದರಿಕೆ. ನಾನು ಗಂಜಿ ತೆಗೆದುಕೊಂಡು ಮೇಲೆ ಹೋಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಬಿಲ್ಲೆಗಳು ಸಾಲಾಗಿ ಹಗ್ಗದ ಮೇಲಿದ್ದವು.

"ಛಲೋ ಕಸೂತಿ ನೀರಿಗೆ ಅಂಜೂದಿಲ್ಲವ್ವಾ," ಎಂದರು ವೈನಿ ನನಗೆ. ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಗೆಲುವಿತ್ತು.

ದಾರದ ಬಣ್ಣ ನಿಜಕ್ಕೂ ಬಿಟ್ಟಿರಲಿಲ್ಲ. ಹೆಸರುಗಳಿದ್ದ ಜಾಗದಲ್ಲಿ ಮಾತ್ರ ತೆಳ್ಳಗೆ ನೀಲಿ ಕಲೆ…

ಮಾಸ್ತರು ಒದ್ದೆ ಪಂಚೆಯಲ್ಲಿ ಮೆಟ್ಟಿಲು ಹತ್ತಿ ಬಂದರು. ಹಗ್ಗದ ಮುಂದೆ ನಿಂತರು. ಒಂದನ್ನು ಮುಟ್ಟಿ ಕೈ ಹಿಂದೆ ತೆಗೆದುಕೊಂಡರು. ವೈನಿಯ ಅಕ್ಕ ಎಲೆ ಹಾಕಲೇ ಎಂದು ಕೇಳಿದರು. ಹಾಕ್ರಿ ಎಂದು ಹೇಳಿ ಹೋಗಿ ಊಟಕ್ಕೆ ಕುಳಿತರು.

ದಿಲ್ಲಿಯವರು ಅಲ್ಲಿಂದ ಹೊರಟಾಗಿತ್ತು. ಬರಬೇಡಿ ಎನ್ನಲು ಮಾಸ್ತರಿಗೆ ಮನಸ್ಸಾಗಲಿಲ್ಲವೋ, ಏನಾದರೂ ಉಳಿದೀತು ಎಂಬ ಆಸೆಯೋ. ಅವರನ್ನು ನಮ್ಮ ಪಡಸಾಲೆಯಲ್ಲೇ ಕೂರಿಸಿದೆವು. ಕಣ್ಣಿಗೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕೆಟ್ಟ ಮನುಷ್ಯರಲ್ಲ. "ಮಾಸ್ಟರ್‌ಜೀ, ಇದನ್ನು ತೊಳೆದವರು ಯಾರು?" ಎಂದು ಹಿಂದಿಯಲ್ಲಿ ಮೆಲ್ಲಗೆ ಕೇಳಿದರು. ಮಾಸ್ತರು ಚಹಾದ ಕಪ್ಪನ್ನು ಅವರತ್ತ ಸರಿಸಿದರು. ಬರಿಯ ಬಟ್ಟೆ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ ಎಂದು ಹೇಳಿ ಅವರು ಚಹಾವನ್ನೂ ಕುಡಿಯದೆ ಎದ್ದರು.

ನಾನು ಮಾಸ್ತರ ಹಿಂದೆಯೇ ಮೇಲೆ ಹೋದೆ. ವೈನಿ ದಿಂಬಿಗೆ ಒರಗಿ ಕಾಯುತ್ತಿದ್ದರು. ಏನಂದ್ರು ಎಂದರು.

"ತೊಳೆದದ್ದಕ್ಕ ಹೊಳಪು ಬಂದದ ಅಂದ್ರು," ಎಂದರು ಮಾಸ್ತರು. "ರೊಕ್ಕ ದಿಲ್ಲಿಯಿಂದ ಕಳಸ್ತಾರಂತ."

ವೈನಿ ಅಕ್ಕನ ಕಡೆ ತಿರುಗಿದರು. "ನಾ ಹೇಳಿದ್ದಿಲ್ಲೇನು?"

ಆಮೇಲೆ ಮಾಸ್ತರು ಸುತ್ತದ ಬಾಗಿಲಿಲ್ಲ. ಮನೆಪಾಠ ಹಿಡಿದರು, ಮಠದಲ್ಲಿ ಕೇಳಿದರು, ಉಳಿದ ಬಿಲ್ಲೆಗಳನ್ನು ಹಿಡಿದು ದಶಾಶ್ವಮೇಧ ಘಾಟಿನ ಅಂಗಡಿಗಳಿಗೂ ಹೋಗಿಬಂದರು. ಮಠದವರು ಕೊಟ್ಟದ್ದು ಔಷಧಿಗೆ ಆಯಿತು, ಆಪರೇಷನ್ನಿಗೆ ಆಗಲಿಲ್ಲ. ದಿಲ್ಲಿಯಿಂದ ಬಂತೇ ಎಂದು ವೈನಿ ಕೇಳುತ್ತಿದ್ದರು. ಬರ್ತದ ಎನ್ನುತ್ತಿದ್ದರು ಮಾಸ್ತರು. ಕಾರ್ತಿಕದಲ್ಲಿ ಒಂದು ಬೆಳಗ್ಗೆ ಕೇಳುವವರು ಇಲ್ಲವಾದರು. ಕಾಶಿಯಲ್ಲಿ ಸತ್ತ ಪುಣ್ಯವಂತೆ ಎಂದು ಬಂದವರೆಲ್ಲ ಹೇಳಿದರು. ಮಾಸ್ತರು ತಲೆಯಾಡಿಸುತ್ತ ಕುಳಿತಿದ್ದರು.

ಶುದ್ಧಿಯ ದಿನ ಅಕ್ಕ ಮತ್ತೆ ಎಲ್ಲವನ್ನೂ ನೀರಿಗೆ ಹಾಕತೊಡಗಿದರು. ವೈನಿ ಕೊನೆಗೆ ಉಟ್ಟಿದ್ದ ಸೀರೆಯನ್ನು ಎತ್ತಿಕೊಂಡಾಗ ಮಾಸ್ತರು ಬಂದು ಅವರ ಕೈಯಿಂದ ತೆಗೆದುಕೊಂಡರು. ಮೈಲಿಗೆ ಅದ ಎಂದರು ಅಕ್ಕ. ಇರಲಿ ಎಂದು ಅದನ್ನು ಒಳಗೆ ಒಯ್ದರು. ಅಷ್ಟು ಶಾಸ್ತ್ರ ನೋಡುತ್ತಿದ್ದ ಮನುಷ್ಯ… ಆಮೇಲೆ ಅವರು ಬಹಳ ದಿನ ಬದುಕಲಿಲ್ಲ.

ಈಗ ಮೇಲಿನ ಮನೆ ಯಾತ್ರಿಕರು ಇಳಿದುಕೊಳ್ಳುವ ಕೋಣೆಗಳಾಗಿದೆ. ಬಂದವರು ಯಾವಯಾವುದೋ ಭಾಷೆ ಮಾತಾಡುತ್ತಾರೆ. ಮಲಗುವ ಮುಂಚೆ ಶಿವ ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಎಣಿಸುವುದು ನನ್ನ ರೂಢಿ. ತಾವು ಮಾಡಿಸಿದ್ದು ಏನೆಂದು ವೈನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅದನ್ನು ಎಣಿಸುತ್ತೇನೆ. ಮಾಸ್ತರ ಪಾಲಿಗೂ ಒಂದು ಇದ್ದಿರಬೇಕು ಎಂದು ಹುಡುಕುತ್ತೇನೆ. ಇನ್ನೂ ಸಿಕ್ಕಿಲ್ಲ.